ನಿಮಗಿದು ಗೊತ್ತೇ? ಬೆಡ್ ನಂಬರ್ ನಿಮ್ಮ ಹೆಸರಲ್ಲ

ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರಿಗೆ ಕಾಯಿಲೆ ಜೋರಾದರೆ ದಾರಿ ಗೊತ್ತೇ ಇದೆ. ಮೊದಲು ಮದ್ದೂರು ಆಸ್ಪತ್ರೆ, ಅಲ್ಲಿಂದ ಮಂಡ್ಯದ ಮಿಮ್ಸ್, ಅಲ್ಲೂ ಆಗದಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆ, ಇಲ್ಲವೇ ಬೆಂಗಳೂರು. ರೋಗಿಯ ಜೊತೆ ಹೋಗುವವರು ಒಬ್ಬರಲ್ಲ, ಮೂವರು. ಒಬ್ಬರ ಕೈಲಿ ಚೀಟಿ ತುಂಬಿದ ಪ್ಲಾಸ್ಟಿಕ್ ಕವರು, ಇನ್ನೊಬ್ಬರ ಕೈಲಿ ಫ್ಲಾಸ್ಕು, ಮೂರನೆಯವರ ಕೈಲಿ ಚಾಪೆ. ಡಾಕ್ಟರು ದಿನಕ್ಕೆ ಒಂದೆರಡು ಸಲ ರೌಂಡ್ಸ್ ಬರುತ್ತಾರೆ. ಮಿಕ್ಕ ಹೊತ್ತೆಲ್ಲ ರೋಗಿ ಇರುವುದು ನರ್ಸಮ್ಮನ ಕೈಯಲ್ಲಿ ಮತ್ತು ಈ ಮೂವರ ಕೈಯಲ್ಲಿ. ಈ ಸಲದ ಅಂಕಣ ಆ ಮಿಕ್ಕ ಹೊತ್ತಿನದು.

■ ಮಾತ್ರೆ ಕೊಡುವ ಮೊದಲು ನರ್ಸು "ನೀವು ಜಯಮ್ಮಾನಾ?" ಎಂದು ಕೇಳಬಾರದು, "ನಿಮ್ಮ ಹೆಸರೇನಮ್ಮ?" ಎಂದೇ ಕೇಳಬೇಕು. ಗೊತ್ತೇ? ಮಂಡ್ಯ ಕಡೆಯ ಹೆಂಗಸರ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ಇರುವುದು ಅಪರೂಪವೇನಲ್ಲ. ಕಿವಿ ಮಂದವಾದ ಅಜ್ಜಿ ಯಾವ ಹೆಸರು ಕೂಗಿದರೂ "ಊಂ ಕಣವ್ವ" ಅಂದುಬಿಡುತ್ತಾರೆ. ರೋಗಿಯ ಬಾಯಿಂದಲೇ ಹೆಸರು ಹೊರಡಿಸಿ, ಜೊತೆಗೆ ಇನ್ನೊಂದು ಗುರುತನ್ನೂ ತಾಳೆ ನೋಡಬೇಕು ಎಂಬುದು ಜಗತ್ತಿನಾದ್ಯಂತ ಒಪ್ಪಿದ ನಿಯಮ. ಹೊರದೇಶಗಳಲ್ಲಿ ಆ ಎರಡನೆಯ ಗುರುತು ಸಾಮಾನ್ಯವಾಗಿ ಹುಟ್ಟಿದ ದಿನಾಂಕ. ನಮ್ಮಲ್ಲಿ ಅದು ಅಷ್ಟು ನಡೆಯದು. ಬಹಳಷ್ಟು ಹಿರಿಯರು ಆಧಾರ್ ಕಾರ್ಡಿನಲ್ಲಿ ಜನವರಿ 1ರಂದೇ ಹುಟ್ಟಿದ್ದಾರೆ! ಹಾಗಾಗಿ ಆಸ್ಪತ್ರೆಯ ನೋಂದಣಿ ಸಂಖ್ಯೆ, ಅಪ್ಪನ ಅಥವಾ ಗಂಡನ ಹೆಸರು ವಾಸಿ. ಬೆಡ್ ನಂಬರ್ ಮಾತ್ರ ಗುರುತಿಗೆ ಲೆಕ್ಕವಿಲ್ಲ. ಫ್ಯಾನಿನ ಕೆಳಗಿನ ಹಾಸಿಗೆ ಖಾಲಿಯಾದ ಕೂಡಲೇ ರೋಗಿಗಳು ತಾವೇ ಜಾಗ ಬದಲಿಸಿಕೊಂಡಿರುತ್ತಾರೆ.

■ ನರ್ಸಿಂಗ್ ಓದುವವರು ಮೊದಲ ವರ್ಷವೇ ಬಾಯಿಪಾಠ ಮಾಡುವ ಐದು 'ಸರಿ'ಗಳಿವೆ: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು. 'ದಾರಿ' ಅಂದರೆ ಬಾಯಿಗೋ, ನರಕ್ಕೋ, ಮಾಂಸಖಂಡಕ್ಕೋ ಎಂಬುದು. ಈ ಐದನ್ನೂ ಇನ್ನೊಂದು ಸಲ ಪರೀಕ್ಷಿಸಬಲ್ಲ ವ್ಯಕ್ತಿ ವಾರ್ಡಿನಲ್ಲಿ ಒಬ್ಬರಿದ್ದಾರೆ, ಅವರೇ ರೋಗಿ. "ಸಿಸ್ಟರ್, ಇದು ಯಾತರ ಮಾತ್ರೆ?" ಎಂದು ಕೇಳಿದರೆ ಅದು ಅಧಿಕಪ್ರಸಂಗವಲ್ಲ.

■ ಮಾತ್ರೆಯ ಟ್ರಾಲಿ ಹಿಡಿದು ಹೊರಟ ನರ್ಸಮ್ಮನನ್ನು ನಡುವೆ ಕರೆದು ಮಾತಾಡಿಸಬಾರದು. ಆಸ್ಟ್ರೇಲಿಯಾದ ಆಸ್ಪತ್ರೆಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಔಷಧ ಕೊಡುವಾಗ ಆಗುವ ಒಂದೊಂದು ಅಡಚಣೆಗೂ ಚಿಕಿತ್ಸೆಯ ತಪ್ಪು ಸುಮಾರು 13%ರಂತೆ ಏರುತ್ತದೆ. ಕೆಲವು ದೇಶಗಳಲ್ಲಿ ಆ ಹೊತ್ತಿಗೆ ನರ್ಸುಗಳು 'ಮಾತಾಡಿಸಬೇಡಿ' ಎಂದು ಬರೆದ ಅಂಗಿ ತೊಡುತ್ತಾರೆ. ನಮ್ಮ ವಾರ್ಡಿನಲ್ಲಿ ಅಂಥ ಅಂಗಿ ತೊಟ್ಟರೆ ಅದನ್ನು ಓದಿ ಹೇಳಿ ಎಂದೇ ನಾಲ್ಕು ಜನ ಕರೆದಾರು.

■ ಇನ್ಸುಲಿನ್ ಸಿರಿಂಜಿನ ಮುಚ್ಚಳದ ಬಣ್ಣ ಅಂದಕ್ಕೆ ಇಟ್ಟದ್ದಲ್ಲ. ನಮ್ಮ ದೇಶದಲ್ಲಿ ಮುಖ್ಯವಾಗಿ ಎರಡು ಬಗೆಯ ಇನ್ಸುಲಿನ್ ಸಿಗುತ್ತದೆ: ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಕೆಂಪು ಮುಚ್ಚಳದ ಸಿರಿಂಜು 40ಕ್ಕೆ, ಕಿತ್ತಳೆ ಬಣ್ಣದ್ದು 100ಕ್ಕೆ. ಅದಲು ಬದಲಾದರೆ ಏನಾಗುತ್ತದೆ ನೋಡಿ. ಪೆನ್ನಿನ ಕಾರ್ಟ್ರಿಜ್‌ನಲ್ಲಿರುವ 100ರ ಇನ್ಸುಲಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬರುವುದು 20 ಯೂನಿಟ್ ಅಲ್ಲ, 50. ಎರಡೂವರೆ ಪಟ್ಟು! ಸಕ್ಕರೆ ಇಳಿದು ರೋಗಿ ಎಚ್ಚರ ತಪ್ಪಲು ಅಷ್ಟು ಸಾಕು. ಮನೆಯಲ್ಲಿ ಅತ್ತೆಗೋ ಮಾವನಿಗೋ ಇನ್ಸುಲಿನ್ ಚುಚ್ಚುವ ಸೊಸೆಯಂದಿರು ಈ ಲೆಕ್ಕವನ್ನು ಗೋಡೆಯ ಮೇಲೆ ಬರೆದಿಟ್ಟರೂ ತಪ್ಪಿಲ್ಲ. ಶೀಷೆ ಬದಲಾದ ದಿನ ಸಿರಿಂಜೂ ಬದಲಾಗಬೇಕೇ ಎಂದು ನೋಡಬೇಕು.

■ ಆಸ್ಪತ್ರೆ ಸೇರಿದ ಹತ್ತು ಜನರಲ್ಲಿ ಒಬ್ಬರಿಗೆ ಚಿಕಿತ್ಸೆಯಿಂದಲೇ ಏನಾದರೊಂದು ಹಾನಿ ಆಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಡೆಯಬಹುದಾದದ್ದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2019ರಿಂದ ಪ್ರತಿ ಸೆಪ್ಟೆಂಬರ್ 17 ವಿಶ್ವ ರೋಗಿ ಸುರಕ್ಷತಾ ದಿನ. 2023ರಲ್ಲಿ ಅದರ ವಿಷಯವೇ ಇದಾಗಿತ್ತು: ರೋಗಿಯ ಮಾತಿಗೆ ಕಿವಿಗೊಡಿ.

■ ಕೈ ತೊಳೆಯುವುದರಿಂದ ಜೀವ ಉಳಿಯುತ್ತದೆ ಎಂಬುದಕ್ಕೆ ದೊಡ್ಡ ಸುಳಿವು ಕೊಟ್ಟವರು ಸೂಲಗಿತ್ತಿಯರು! 1840ರ ದಶಕದಲ್ಲಿ ವಿಯೆನ್ನಾದ ಒಂದು ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದನ್ನು ಡಾಕ್ಟರುಗಳೂ ವೈದ್ಯ ವಿದ್ಯಾರ್ಥಿಗಳೂ ನೋಡಿಕೊಳ್ಳುತ್ತಿದ್ದರು, ಇನ್ನೊಂದನ್ನು ಸೂಲಗಿತ್ತಿಯರು. ಬಾಣಂತಿಯರು ಹೆಚ್ಚು ಸಾಯುತ್ತಿದ್ದದ್ದು ಡಾಕ್ಟರುಗಳ ವಿಭಾಗದಲ್ಲಿ. ಹೆಣ ಕೊಯ್ದ ಕೈಯಲ್ಲೇ ಅವರು ಹೆರಿಗೆ ಕೋಣೆಗೆ ಬರುತ್ತಿದ್ದರು. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ ಇದನ್ನು ಕಂಡುಹಿಡಿದು 1847ರಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ ಎರಡರ ಆಸುಪಾಸಿಗೆ ಇಳಿಯಿತು. ಸಹೋದ್ಯೋಗಿಗಳಿಗೆ ಮಾತ್ರ ಸಿಟ್ಟು ಬಂತು. ನಮ್ಮ ಕೈ ಕೊಳಕೇ ಎಂದು.

ಈಗಿನ ನಿಯಮ: ಸೋಪು ನೀರಾದರೆ 40ರಿಂದ 60 ಸೆಕೆಂಡ್, ಸ್ಯಾನಿಟೈಸರ್ ಆದರೆ 20ರಿಂದ 30. ತೊಳೆಯಬೇಕಾದ ಹೊತ್ತು ಐದು. ರೋಗಿಯನ್ನು ಮುಟ್ಟುವ ಮೊದಲು. ಗಾಯ ಕಟ್ಟುವುದು, ನಳಿಕೆ ಹಾಕುವಂಥ ಶುದ್ಧ ಕೆಲಸಕ್ಕೆ ಮೊದಲು. ರಕ್ತ ಮಲಮೂತ್ರ ತಾಗಿದ ಮೇಲೆ. ರೋಗಿಯನ್ನು ಮುಟ್ಟಿದ ಮೇಲೆ. ಕೊನೆಯದು ಎಲ್ಲರೂ ಮರೆಯುವಂಥದ್ದು, ರೋಗಿಯನ್ನು ಮುಟ್ಟದೆ ಬರೀ ಅವರ ಮಂಚ, ಸ್ಟೂಲು, ಹೊದಿಕೆ ಮುಟ್ಟಿದ ಮೇಲೂ. ಕೈಗವಸು ಹಾಕಿಕೊಂಡರೆ ಕೈ ತೊಳೆಯುವುದು ತಪ್ಪುವುದಿಲ್ಲ.

■ ಬಾಣಂತಿಯರ ರಕ್ತಸ್ರಾವ ತಡೆಯುವ ಬಗ್ಗೆ ಇಡೀ ಜಗತ್ತಿಗೆ ಪಾಠ ಹೇಳಿದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳ ನರ್ಸಮ್ಮಂದಿರು. ಇದು ನಮ್ಮವರಿಗೇ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2002ರಿಂದ 2005ರವರೆಗೆ ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಒಂದು ಪ್ರಯೋಗ ನಡೆಸಿದರು. ಹಳ್ಳಿಯಲ್ಲಿ ಹೆರಿಗೆ ಮಾಡಿಸುವ 25 ಮಂದಿ ಎಎನ್‌ಎಂ ನರ್ಸಮ್ಮಂದಿರೇ ಇದರ ಬೆನ್ನೆಲುಬು. ಒಟ್ಟು 1,620 ಹೆರಿಗೆಗಳು. ಮಗು ಹುಟ್ಟಿದ ಕೂಡಲೇ ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದವರಿಗೆ ನೋಡಲು ಅದರಂತೆಯೇ ಇರುವ ಖಾಲಿ ಮಾತ್ರೆ. ಈ ಮಾತ್ರೆಗೆ ಫ್ರಿಜ್ಜೂ ಬೇಡ, ಸೂಜಿಯೂ ಬೇಡ. ಮಾತ್ರೆ ತಗೊಂಡವರಲ್ಲಿ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಜೀವಕ್ಕೇ ಕುತ್ತಾಗುವಷ್ಟು ತೀವ್ರವಾದದ್ದು 1.2ರಿಂದ 0.2ಕ್ಕೆ. ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ನನಗೆ ಮಾತ್ರೆಗಿಂತ ಹೆಚ್ಚು ಹಿಡಿಸುವುದು ಅವರು ಬಳಸಿದ ಪ್ಲಾಸ್ಟಿಕ್ ಹಾಳೆ. ರಕ್ತ ಎಷ್ಟು ಹೋಯಿತು ಎಂದು ಕಣ್ಣಳತೆಯಲ್ಲಿ ಹೇಳುವುದು ಹಿಂದಿನಿಂದ ಬಂದ ಪದ್ಧತಿ. ಬೆಳಗಾವಿಯಲ್ಲಿ ತಾಯಿಯ ಅಡಿಗೆ ಒಂದು ಹಾಳೆ ಹಾಸಿದರು. ಅದರ ತುದಿಗೆ ಅಳತೆಯ ಗೆರೆ ಹಾಕಿದ ಚೀಲ. ರಕ್ತವೆಲ್ಲ ಅಲ್ಲಿ ಸೇರುತ್ತದೆ, ಗೆರೆ ನೋಡಿದರೆ ಲೆಕ್ಕ ಸಿಕ್ಕಿತು. ಹೋಲಿಸಿ ನೋಡಿದಾಗ ಕಣ್ಣಳತೆಯವರು ಮೂರನೇ ಒಂದು ಭಾಗದಷ್ಟು ಕಡಿಮೆ ಹೇಳುತ್ತಿದ್ದರು ಎಂಬುದು ಬಯಲಾಯಿತು. ಇಂಥದೇ ಅಳತೆಯ ಹಾಳೆ ಮುಂದೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಹೆರಿಗೆಗಳ ದೊಡ್ಡ ಪ್ರಯೋಗದಲ್ಲಿ ಬಳಕೆಯಾಯಿತು. ಹಾಳೆಯಲ್ಲಿ ಅಳೆದು, ರಕ್ತ ಮಿತಿ ಮೀರಿದ ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಟ್ಟಾಗ ತೀವ್ರ ರಕ್ತಸ್ರಾವ ಮತ್ತು ಅದರ ಕೆಟ್ಟ ಪರಿಣಾಮಗಳು 60% ತಗ್ಗಿದವು ಎಂದು 2023ರಲ್ಲಿ ವರದಿಯಾಯಿತು.

■ ಹೆರಿಗೆ ಕೋಣೆಯಲ್ಲಿ ಮಾಡಲೇಬೇಕಾದ 29 ಸಣ್ಣ ಸಣ್ಣ ಕೆಲಸಗಳಿವೆ: ಕೈ ತೊಳೆಯುವುದು, ಬಿಪಿ ನೋಡುವುದು, ಮಗುವನ್ನು ಒರೆಸಲು ಬಟ್ಟೆ ಸಿದ್ಧ ಇಡುವುದು, ಹೀಗೆ. 2010ರಲ್ಲಿ ಕರ್ನಾಟಕದ ಒಂದು ಸರ್ಕಾರಿ ಹೆರಿಗೆ ಕೇಂದ್ರದಲ್ಲಿ ಲೆಕ್ಕ ಹಾಕಿದಾಗ ಸರಾಸರಿ 10 ಮಾತ್ರ ನಡೆಯುತ್ತಿದ್ದವು. ಒಂದು ಹಾಳೆಯ ಚೆಕ್‌ಲಿಸ್ಟ್ ತಂದು, ನರ್ಸುಗಳ ಪಕ್ಕ ನಿಂತು ಹೇಳಿಕೊಟ್ಟ ಮೇಲೆ ಅದು 25ಕ್ಕೆ ಏರಿತು. ಆಮೇಲೆ ಇದೇ ಹಾಳೆಯನ್ನು ಉತ್ತರ ಪ್ರದೇಶದ ಆಸ್ಪತ್ರೆಗಳಲ್ಲಿ ದೊಡ್ಡದಾಗಿ ಪರೀಕ್ಷಿಸಿದರು. ಅಲ್ಲಿ ಕೆಲಸ ಸುಧಾರಿಸಿತು, ಆದರೆ ತಾಯಿ ಮಕ್ಕಳ ಸಾವು ಕಡಿಮೆಯಾಗಲಿಲ್ಲ. ಔಷಧ, ರಕ್ತ, ಕೈಯಾಳು ಇಲ್ಲದ ಕಡೆ ಬರೀ ಹಾಳೆ ಏನು ಮಾಡೀತು?

■ ಆಪರೇಷನ್ ಕೋಣೆಯಲ್ಲಿ ಕತ್ತಿ ಮುಟ್ಟುವ ಮುಂಚೆ ಎಲ್ಲರೂ ಒಂದು ಕ್ಷಣ ನಿಂತು ರೋಗಿಯ ಹೆಸರು, ಯಾವ ಆಪರೇಷನ್, ಎಡವೋ ಬಲವೋ ಎಂದು ಗಟ್ಟಿಯಾಗಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ 19 ಅಂಶಗಳ ಪಟ್ಟಿಯಲ್ಲಿ ಇದೂ ಒಂದು. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಪರೀಕ್ಷಿಸಿದಾಗ ಸಾವು 1.5%ರಿಂದ 0.8%ಕ್ಕೆ ಇಳಿಯಿತು. ಪಟ್ಟಿ ಓದುವ ಕೆಲಸ ಸಾಮಾನ್ಯವಾಗಿ ನರ್ಸಿನದು. ಅವರು ಓದುವಾಗ ದೊಡ್ಡ ಸರ್ಜನ್ನರೂ ಕಾಯಬೇಕು.

■ ಒಂದು ಡ್ಯೂಟಿಯಿಂದ ಇನ್ನೊಂದಕ್ಕೆ ನರ್ಸುಗಳು ರೋಗಿಯ ವಿಷಯ ಒಪ್ಪಿಸುವ ಒಂದು ಕ್ರಮ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಬಂದದ್ದು! ಈಗ ಏನಾಗುತ್ತಿದೆ, ಹಿಂದೆ ಏನಿತ್ತು, ನನಗೆ ಏನನ್ನಿಸುತ್ತದೆ, ಏನು ಮಾಡಬೇಕು: ನಾಲ್ಕೇ ಮಾತು. ಮದ್ದೂರಿನಿಂದ ಮಂಡ್ಯ, ಮಂಡ್ಯದಿಂದ ಮೈಸೂರು ಎಂದು ರೋಗಿ ಸಾಗುವಾಗ ಪ್ರತಿ ಬಾಗಿಲಲ್ಲೂ ಒಂದಿಷ್ಟು ವಿಷಯ ಸೋರಿಹೋಗುತ್ತದೆ. ನಮ್ಮ ಕಡೆಯವರು ಕೊಡುವ ವಿವರವೋ, "ಬಿಪಿ ಮಾತ್ರೆ ತಗತಾರೆ, ಸಣ್ಣದು, ಬಿಳೀದು." ಸಣ್ಣ ಬಿಳಿ ಮಾತ್ರೆ ಔಷಧದಂಗಡಿಯಲ್ಲಿ ಸಾವಿರ ಇವೆ. ಖಾಲಿಯಾದ ಸ್ಟ್ರಿಪ್ಪನ್ನಾದರೂ ಚೀಟಿಯ ಕವರಿಗೆ ಹಾಕಿಕೊಳ್ಳಿ. ಯಾವ ಔಷಧ ಮೈಗೆ ಒಗ್ಗುವುದಿಲ್ಲ ಎಂಬುದನ್ನು ಕವರಿನ ಮೇಲೆಯೇ ದಪ್ಪ ಅಕ್ಷರದಲ್ಲಿ ಬರೆಯಿರಿ.

■ ಚಾಪೆ ಹಿಡಿದು ವರಾಂಡದಲ್ಲಿ ಕೂತ ನೆಂಟರನ್ನೇ ಆರೈಕೆಯ ಪಾಲುದಾರರನ್ನಾಗಿ ಮಾಡಬಾರದೇಕೆ ಎಂಬ ಯೋಚನೆ ಒಂದು ಸಂಸ್ಥೆಯಾಗಿ ಬೆಳೆದದ್ದು ಬೆಂಗಳೂರಿನಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳು ತರಗತಿಯ ಕೆಲಸಕ್ಕೆಂದು ನಾರಾಯಣ ಹೃದಯಾಲಯಕ್ಕೆ ಬಂದಿದ್ದರು. ಕಾಯುವ ಕೋಣೆಗಳಲ್ಲಿ ತುಂಬಿದ್ದ ನೆಂಟರನ್ನು ಕಂಡು ಅವರಿಗೆ ಹೊಳೆದದ್ದೇ 'ನೂರಾ ಹೆಲ್ತ್'. ನರ್ಸುಗಳು ವಾರ್ಡಿನಲ್ಲೇ ತರಗತಿ ನಡೆಸಿ, ಗಾಯ ನೋಡಿಕೊಳ್ಳುವುದು ಹೇಗೆ, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂದು ಮನೆಯವರಿಗೆ ಕಲಿಸುತ್ತಾರೆ. ಈ ಪಾಠ ಮುಂದೆ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಿಗೂ ಬಂತು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಮನೋರೋಗಿಗಳ ಚಿಕಿತ್ಸೆಯಲ್ಲಿ ಮನೆಯವರನ್ನು ಜೊತೆಗೇ ಇರಿಸಿಕೊಳ್ಳುವ ಪದ್ಧತಿಯನ್ನು ದಶಕಗಳಿಂದ ನಡೆಸಿಕೊಂಡು ಬಂದಿದೆ. ಪಶ್ಚಿಮದವರು 'ಕುಟುಂಬ ಕೇಂದ್ರಿತ ಆರೈಕೆ' ಎಂದು ದಪ್ಪ ದಪ್ಪ ಪುಸ್ತಕ ಬರೆಯುವ ಹೊತ್ತಿಗೆ ನಮ್ಮಲ್ಲಿ ಅಜ್ಜಿಯ ಮಂಚದಡಿ ಮೊಮ್ಮಗ ಮಲಗಿಯೇ ಇದ್ದ. ಅವನಿಗೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

■ ಹೇಳಿಕೊಡದಿದ್ದರೆ ಏನಾಗುತ್ತದೆ? ಉದಾಹರಣೆಗೆ ಎಳನೀರು. ಮದ್ದೂರಿನ ಎಳನೀರು ಮಾರುಕಟ್ಟೆ ದೇಶಕ್ಕೇ ಹೆಸರುವಾಸಿ. ರೋಗಿ ನೋಡಲು ಹೋಗುವವರ ಕೈಯಲ್ಲಿ ಎರಡು ಎಳನೀರು ಇರಲೇಬೇಕು. ಆದರೆ ಒಂದು ಎಳನೀರಿನಲ್ಲಿ ಸುಮಾರು 500 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಪೊಟ್ಯಾಸಿಯಂ ಇರುತ್ತದೆ. ಗಟ್ಟಿಮುಟ್ಟಾದ ಮೂತ್ರಪಿಂಡ ಅದನ್ನು ಹೊರಹಾಕಿಬಿಡುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮೈಯಲ್ಲಿ ಅದು ಉಳಿದು, ಹೃದಯದ ಬಡಿತವೇ ತಪ್ಪಬಹುದು. "ಎಳನೀರು ತಂಪು ಕಣ್ರೀ, ಏನೂ ಮಾಡಲ್ಲ" ಎನ್ನುವ ಮುಂಚೆ ಡಯಾಲಿಸಿಸ್ ಸಿಸ್ಟರನ್ನು ಒಂದು ಮಾತು ಕೇಳಿ.

■ ಲಕ್ವ ಹೊಡೆದು ಮಂಪರಿನಲ್ಲಿರುವವರನ್ನು ಮಲಗಿಸಿಕೊಂಡೇ ಬಾಯಿಗೆ ಗಂಜಿ ಬಿಡುವುದು ಪ್ರೀತಿಯಿಂದ ಮಾಡುವ ಅಪಾಯ. ನುಂಗುವ ಶಕ್ತಿ ಹೋಗಿದ್ದರೆ ಅದು ಹೊಟ್ಟೆಗಲ್ಲ, ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಮೊದಲು ನುಂಗಲು ಆಗುತ್ತದೆಯೇ ಎಂಬ ಪರೀಕ್ಷೆ ಆಗಬೇಕು. ಅದಾದ ಮೇಲೂ ಎತ್ತಿ ಕೂರಿಸಿಯೇ ಉಣಿಸಬೇಕು, ಉಂಡ ಮೇಲೆ ಕೂಡಲೇ ಮಲಗಿಸಬಾರದು.

■ ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನಿನಡಿ ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕಬಾರದು. ಒಳಗಿನ ಮಾಂಸ ಇನ್ನಷ್ಟು ನಲುಗುತ್ತದೆ. ಗಾಳಿ ಹಾಸಿಗೆ ತಂದರೂ ಮಗ್ಗುಲು ಬದಲಿಸುವುದು ತಪ್ಪದು.

■ "ಸಿಸ್ಟರ್, ಬಾಟ್ಲು ಖಾಲಿ ಆಯ್ತು!" ಎಂದು ಕಿರುಚುವವರ ಭಯವೇನೆಂದರೆ, ಗಾಳಿ ಒಳಗೆ ಹೋಗಿ ಜೀವ ಹೋದೀತು ಎಂಬುದು. ಕೈಯ ನರಕ್ಕೆ ಹಾಕಿದ ಸಾಮಾನ್ಯ ಡ್ರಿಪ್ಪಿನಲ್ಲಿ ಬಾಟಲಿ ಖಾಲಿಯಾದಾಗ ನರದೊಳಗಿನ ಒತ್ತಡವೇ ಹೆಚ್ಚಾಗಿ ಹರಿವನ್ನು ನಿಲ್ಲಿಸುತ್ತದೆ. ಒಂದೆರಡು ಗುಳ್ಳೆ ಕಂಡರೆ ಪ್ರಾಣ ಹೋಗುವುದಿಲ್ಲ. ಅದಕ್ಕಿಂತ ಅಪಾಯದ್ದು, ಬೇಗ ಮುಗಿಯಲಿ ಎಂದು ನೆಂಟರೇ ಚಕ್ರ ತಿರುಗಿಸಿ ಓಟ ಜೋರು ಮಾಡುವುದು. ಹೃದಯ ದುರ್ಬಲ ಇರುವವರಿಗೆ ಆ ನೀರೇ ಉಸಿರು ಕಟ್ಟಿಸುತ್ತದೆ.

■ ಬಾಟಲಿಯ ಬ್ಯಾಚ್ ನಂಬರ್ ಬರೆದಿಡುವುದು ಗುಮಾಸ್ತಿಕೆಯಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಐವರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನುಮಾನ ಹೋದದ್ದು ಪಶ್ಚಿಮ ಬಂಗಾಳದ ಕಂಪನಿಯೊಂದರ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಸರ್ಕಾರ ಅದರ ಬಳಕೆ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರ ಅಮಾನತೂ ಆಯಿತು. ಯಾವ ಬಾಟಲಿ ಯಾರಿಗೆ ಹೋಯಿತು ಎಂದು ಕೇಸ್‌ಶೀಟಿನಲ್ಲಿ ಇದ್ದರೆ ಇಂಥ ಹೊತ್ತಿನಲ್ಲಿ ಜಾಡು ಹಿಡಿಯಬಹುದು. ಔಷಧದಿಂದ ತೊಂದರೆಯಾಯಿತು ಎನ್ನಿಸಿದರೆ ನರ್ಸೂ ದೂರು ಕೊಡಬಹುದು, ರೋಗಿಯೂ ಕೊಡಬಹುದು. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1800-180-3024, ಕರೆ ಉಚಿತ.

■ "ಒಂದು ಸೂಜಿ ಹಾಕುಸ್ಕಂಡ್ ಬಂದ್ಬುಡು, ಸರಿಹೋಯ್ತದೆ" ಎಂಬ ಮಾತಿಗೆ ಮರುಳಾಗಬೇಡಿ. ಮಾತ್ರೆಯಲ್ಲಿ ವಾಸಿಯಾಗುವುದಕ್ಕೆ ಇಂಜೆಕ್ಷನ್ ಬೇಡ. ಚುಚ್ಚಲೇಬೇಕಾದರೆ ಸಿರಿಂಜಿನ ಕವರು ನಿಮ್ಮ ಕಣ್ಣೆದುರೇ ಹರಿಯಬೇಕು. ಅಂದಹಾಗೆ ಸೂಜಿ ನರ್ಸಿಗೂ ಅಪಾಯವೇ. ರೋಗಿಗೆ ಚುಚ್ಚಿದ ಸೂಜಿ ಅವರ ಕೈಗೆ ತಗುಲಿದರೆ ಸೋಂಕು ಅಂಟುವ ಸಾಧ್ಯತೆಯನ್ನು ಮೂರರ ಲೆಕ್ಕದಲ್ಲಿ ನೆನಪಿಡುತ್ತಾರೆ: ಲಸಿಕೆ ಹಾಕಿಸಿಕೊಳ್ಳದಿದ್ದರೆ ಹೆಪಟೈಟಿಸ್ ಬಿ ನೂರಕ್ಕೆ 30ರವರೆಗೆ, ಹೆಪಟೈಟಿಸ್ ಸಿ ಸುಮಾರು 3, ಎಚ್‌ಐವಿ 0.3. ಚುಚ್ಚಿದ ಜಾಗವನ್ನು ಹಿಂಡಬಾರದು, ಸೋಪು ನೀರಲ್ಲಿ ತೊಳೆಯಬೇಕು. ಎಚ್‌ಐವಿ ತಡೆಯ ಮಾತ್ರೆ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, 72 ಗಂಟೆ ಮೀರಿದರೆ ಉಪಯೋಗವಿಲ್ಲ.

■ ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದವರ ರಕ್ತಕ್ಕೆ ವಿಷ ಏರಿದೆಯೇ ಎಂದು ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. 2 ಮಿಲಿಲೀಟರ್ ರಕ್ತವನ್ನು ಒಣಗಿದ ಹೊಸ ಗಾಜಿನ ನಳಿಕೆಗೆ ಹಾಕಿ, ಅಲ್ಲಾಡಿಸದೆ 20 ನಿಮಿಷ ಬಿಟ್ಟು ಓರೆ ಮಾಡಿ ನೋಡುವುದು. ಹೆಪ್ಪುಗಟ್ಟದೆ ಹರಿದರೆ ಕೊಳಕುಮಂಡಲದಂಥ ಹಾವಿನ ವಿಷ ಕೆಲಸ ಮಾಡುತ್ತಿದೆ ಎಂದು ಅರ್ಥ. ಗುಟ್ಟು ಇರುವುದು ನಳಿಕೆಯಲ್ಲಿ. ಪ್ಲಾಸ್ಟಿಕ್ಕಿನದಾದರೆ, ಸೋಪಿನ ಪುಡಿಯಲ್ಲಿ ತೊಳೆದದ್ದಾದರೆ, ವಿಷವಿಲ್ಲದ ರಕ್ತವೂ ಹೆಪ್ಪುಗಟ್ಟದೆ ದಾರಿ ತಪ್ಪಿಸುತ್ತದೆ. ಇನ್ನೊಂದು ಸಂಗತಿ: ಮಗುವಿಗೂ ದೊಡ್ಡವರಿಗೂ ವಿಷನಿರೋಧಕದ ಪ್ರಮಾಣ ಒಂದೇ. ಹಾವು ಮೈತೂಕ ನೋಡಿ ವಿಷ ಬಿಡುವುದಿಲ್ಲವಲ್ಲ! 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಪ್ರತಿ ಹಾವು ಕಡಿತವನ್ನೂ ಆರೋಗ್ಯ ಇಲಾಖೆಗೆ ವರದಿ ಮಾಡಲೇಬೇಕು.

■ ತೂಕ ಕಡಿಮೆಯ ಕೂಸನ್ನು ತಾಯಿಯ ಎದೆಗೆ ಬರಿಮೈಯಲ್ಲಿ ಕಟ್ಟಿ ಕಾಪಾಡುವ 'ಕಾಂಗರೂ ಆರೈಕೆ' 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾಯಿತು. ಅದನ್ನು ಇಡೀ ಜಿಲ್ಲೆಗೆ ಹರಡಿ ತೋರಿಸಿದ ಜಗತ್ತಿನ ಕೆಲವೇ ಜಾಗಗಳಲ್ಲಿ ನಮ್ಮ ಕೊಪ್ಪಳವೂ ಒಂದು. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಕೆಎಚ್‌ಪಿಟಿ ಎಂಬ ಸ್ವಯಂಸೇವಾ ಸಂಸ್ಥೆ ಮತ್ತು ಸರ್ಕಾರ ಸೇರಿ ಮಾಡಿದ ಕೆಲಸ ಅದು. ತಾಯಿಗೆ ಸುಸ್ತಾದಾಗ ಅಜ್ಜಿ ಕಟ್ಟಿಕೊಳ್ಳಬಹುದು, ಅಪ್ಪನೂ ಕಟ್ಟಿಕೊಳ್ಳಬಹುದು.

■ ಒಬ್ಬ ನರ್ಸಿಗೆ ಎಷ್ಟು ರೋಗಿಗಳು? ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮೂವರು, ಸಾಮಾನ್ಯ ಆಸ್ಪತ್ರೆಯಲ್ಲಿ ಐವರು. ನೈಟ್ ಡ್ಯೂಟಿಯ ಹೊತ್ತಿಗೆ ಯಾವುದಾದರೂ ದೊಡ್ಡಾಸ್ಪತ್ರೆಗೆ ಹೋಗಿ ನೀವೇ ಎಣಿಸಿ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ನರ್ಸಿನ ಪಾಲಿಗೆ ಒಬ್ಬೊಬ್ಬ ರೋಗಿ ಹೆಚ್ಚಿದಂತೆಲ್ಲ ಆಪರೇಷನ್ ಆದವರ ಸಾವಿನ ಸಾಧ್ಯತೆ 7%ರಂತೆ ಏರುತ್ತದೆ ಎಂದು ತೋರಿಸಿತು. ನರ್ಸಮ್ಮ ಸಿಡುಕಿದರು ಎಂಬ ದೂರಿನ ಹಿಂದೆ ಈ ಲೆಕ್ಕವೂ ಇರುತ್ತದೆ.

■ ಅಮೆರಿಕದ ಟೆನ್ನೆಸೀ ರಾಜ್ಯದಲ್ಲಿ 2017ರಲ್ಲಿ ನರ್ಸೊಬ್ಬರು ಔಷಧದ ಯಂತ್ರದಲ್ಲಿ ಹೆಸರಿನ ಮೊದಲೆರಡು ಅಕ್ಷರ ಒತ್ತಿ, ಮಂಪರಿನ ಔಷಧದ ಬದಲು ಸ್ನಾಯುಗಳನ್ನೇ ನಿಶ್ಚಲಗೊಳಿಸುವ ಔಷಧ ಕೊಟ್ಟುಬಿಟ್ಟರು. ರೋಗಿ ತೀರಿಕೊಂಡರು. ನರ್ಸು ತಾವೇ ಮುಂದೆ ಬಂದು ಒಪ್ಪಿಕೊಂಡರು. 2022ರಲ್ಲಿ ನ್ಯಾಯಾಲಯ ಅವರನ್ನು ಅಪರಾಧಿ ಎಂದಿತು, ಮೂರು ವರ್ಷದ ಪ್ರೊಬೇಷನ್ ವಿಧಿಸಿತು. ಆಗ ಅಲ್ಲಿನ ನರ್ಸುಗಳೆಲ್ಲ ಕೇಳಿದ ಪ್ರಶ್ನೆ: ಹೇಳಿದವರಿಗೇ ಶಿಕ್ಷೆಯಾದರೆ ಇನ್ನು ಮುಂದೆ ಹೇಳುವವರು ಯಾರು? ಹೇಳದಿದ್ದರೆ ಯಂತ್ರ ಸರಿಮಾಡುವವರು ಯಾರು? ನನಗೂ ಇದಕ್ಕೆ ಸುಲಭದ ಉತ್ತರ ಹೊಳೆಯುವುದಿಲ್ಲ.

■ ಸೋಮನಹಳ್ಳಿಯ ಮಗ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ 2003ರಲ್ಲಿ ಶುರುವಾದ ಯಶಸ್ವಿನಿ ಆರೋಗ್ಯ ಯೋಜನೆಗೆ ಸಹಕಾರ ಸಂಘದ ರೈತ ಕಟ್ಟಬೇಕಾಗಿದ್ದದ್ದು ಆರಂಭದಲ್ಲಿ ವರ್ಷಕ್ಕೆ 60 ರೂಪಾಯಿ. ತಿಂಗಳಿಗೆ ಐದು! 2018ರಲ್ಲಿ ನಿಂತ ಯೋಜನೆ 2022ರಲ್ಲಿ ಮತ್ತೆ ಜೀವ ಪಡೆಯಿತು.

■ ಹೆದ್ದಾರಿ ಬದಿಯ ಊರಿನವರಿಗೆ ಎರಡು ಕಾನೂನು. ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಪೊಲೀಸು, ಕೋರ್ಟಿನ ಕಿರುಕುಳ ಆಗದಂತೆ 2016ರಲ್ಲೇ ಕಾನೂನು ಮಾಡಿದ ಮೊದಲ ರಾಜ್ಯ ಕರ್ನಾಟಕ. ರಾಷ್ಟ್ರಪತಿಯ ಅಂಕಿತ ಬಿದ್ದದ್ದು 2018ರಲ್ಲಿ. ಇನ್ನೊಂದು, 2017ರಲ್ಲಿ ತಿದ್ದುಪಡಿಯಾದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. ತುರ್ತು ಹೊತ್ತಿನಲ್ಲಿ ಮುಂಗಡ ಕಟ್ಟಿದರೇ ಚಿಕಿತ್ಸೆ ಎನ್ನುವಂತಿಲ್ಲ, ಬಿಲ್ ಬಾಕಿಯಿದೆ ಎಂದು ಶವ ಹಿಡಿದಿಟ್ಟುಕೊಳ್ಳುವಂತಿಲ್ಲ.

■ ನಮ್ಮ ಆಸ್ಪತ್ರೆಗಳ ಎಷ್ಟೋ ಸಿಸ್ಟರುಗಳು ಕೇರಳದಿಂದ ಬಂದವರು. ಪುಸ್ತಕದ ಕನ್ನಡ ಕಲಿತು ಬಂದವರಿಗೆ ಮಂಡ್ಯದ ಅಜ್ಜ "ಎದೆ ಹಿಡ್ಕಂಡದೆ, ಉಸ್ರಾಡಕ್ಕಾಯ್ತಿಲ್ಲ" ಎಂದರೆ ಮೊದಮೊದಲು ಕಕ್ಕಾಬಿಕ್ಕಿ. ಭಾಷೆ ತಿಳಿಯದೆ ರೋಗಿಯ ಸುರಕ್ಷತೆ ಇಲ್ಲ. ರೋಗಿಗೆ ಅರ್ಥವಾಯಿತೇ ಎಂದು ನೋಡುವ ಉಪಾಯವೂ ಒಂದಿದೆ: "ತಿಳೀತಾ?" ಎಂದು ಕೇಳದೆ, "ಮನೇಲಿ ಈ ಮಾತ್ರೆ ಹೆಂಗೆ ತಗತೀರಿ, ಒಂದ್ಸಲ ನನಗೆ ಹೇಳಿ ಅಜ್ಜ" ಎನ್ನುವುದು. "ತಿಳೀತಾ?" ಎಂದರೆ ಎಲ್ಲರೂ ತಲೆ ಆಡಿಸುತ್ತಾರೆ.

■ ನಾರ್ವೆಯಲ್ಲಿ 2014ರಿಂದ ಜೂನ್ 6ರಂದು ಆಸ್ಪತ್ರೆಯವರು ರೋಗಿಗೆ 'ನಿಮಗೇನಾಗಿದೆ?' ಎಂಬುದರ ಜೊತೆಗೆ 'ನಿಮಗೆ ಯಾವುದು ಮುಖ್ಯ?' ಎಂದೂ ಕೇಳುತ್ತಾರೆ. ಗದ್ದೆಗೆ ನೀರು ಬಿಡುವ ಸರದಿ ನಾಳೆ ಇದೆ ಎನ್ನುವ ರೈತನಿಗೆ ಇಂದೇ ಡಿಸ್ಚಾರ್ಜ್ ಬೇಕು ಯಾಕೆ ಎಂಬುದು ಹಾಗೆ ಕೇಳಿದರೆ ಮಾತ್ರ ತಿಳಿಯುತ್ತದೆ.

■ ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್ ಒಳ್ಳೆಯ ಲೆಕ್ಕಗಾತಿಯೂ ಹೌದು. ಸೈನಿಕರು ಗುಂಡೇಟಿಗಿಂತ ಹೆಚ್ಚಾಗಿ ಕೊಳಕಿನ ರೋಗಗಳಿಂದ ಸತ್ತರು ಎಂಬುದನ್ನು 1858ರಲ್ಲಿ ಬಣ್ಣದ ಚಿತ್ರ ಬರೆದು ತೋರಿಸಿದರು. ಭಾರತದ ನೈರ್ಮಲ್ಯದ ಬಗ್ಗೆ ದಶಕಗಟ್ಟಲೆ ಬರೆದರು, ಒಮ್ಮೆಯೂ ಇಲ್ಲಿಗೆ ಬರಲಿಲ್ಲ. ಅವರ ಹುಟ್ಟುದಿನ ಮೇ 12, ಅದೇ ದಾದಿಯರ ದಿನ.

■ ವಾರ್ಡಿನ ಮೂಲೆಯ ಡಬ್ಬಿಗಳಿಗೆ 2016ರ ನಿಯಮದಂತೆ ನಾಲ್ಕು ಬಣ್ಣ. ರಕ್ತದ ಹತ್ತಿ, ಬ್ಯಾಂಡೇಜು ಹಳದಿಗೆ. ಡ್ರಿಪ್ ನಳಿಕೆ, ಕೈಗವಸು ಕೆಂಪಿಗೆ. ಸೂಜಿ, ಬ್ಲೇಡು ಬಿಳಿಯ ಗಟ್ಟಿ ಡಬ್ಬಿಗೆ. ಗಾಜಿನ ಶೀಷೆ ನೀಲಿಗೆ. ಬಾಳೆಹಣ್ಣಿನ ಸಿಪ್ಪೆ, ಇಡ್ಲಿ ಕಟ್ಟಿ ತಂದ ಎಲೆ ಈ ನಾಲ್ಕರಲ್ಲಿ ಯಾವುದಕ್ಕೂ ಅಲ್ಲ. ಅದಕ್ಕೆ ಹೊರಗಿನ ಸಾಮಾನ್ಯ ಕಸದ ಬುಟ್ಟಿ ಇದೆ. ಹಳದಿ ಡಬ್ಬಿಗೆ ಬಿದ್ದ ಸಿಪ್ಪೆ ರಕ್ತದ ಹತ್ತಿಯ ಜೊತೆ ಲಾರಿ ಹತ್ತಿ, ಸುಡುವ ಒಲೆಯವರೆಗೂ ಸರ್ಕಾರಿ ಖರ್ಚಿನಲ್ಲಿ ಪ್ರಯಾಣ ಮಾಡುತ್ತದೆ.